ಬೆಳಿಗ್ಗೆಯೇ ಮುಗಿದ ಹಗ್ಗಜಗ್ಗಾಟ

ಇನ್ನೂ ನಡೆಯದ ಕಾರ್ಯಕ್ರಮದ ವರದಿಯನ್ನು ಬರೆದು ಮುಗಿಸುವುದರಲ್ಲಿ ಮರ್ಕಂಜದ ಡೊಂಬಯ್ಯರನ್ನು ಮೀರಿಸುವವರು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಯಾರೂ ಇರಲಿಲ್ಲ. ಇದನ್ನು ಅವರ ಮೇಲಿನ ದೂರು ಎಂದು ತಿಳಿಯಬಾರದು. ಮಂಗಳೂರಿನ ಒಂದು ದಿನಪತ್ರಿಕೆಗೆ ಇಪ್ಪತ್ತೆರಡು ವರ್ಷ ಊರಿನ ಕ್ರೀಡಾಸುದ್ದಿ ಕಳಿಸಿ ಸಂಪಾದಿಸಿದ ವಿದ್ಯೆ ಅದು. ಊರಿನ ಪಂದ್ಯಾಟಗಳು ಮುಗಿಯುವುದು ಕತ್ತಲಾಗುವ ಹೊತ್ತಿಗೆ, ಪತ್ರಿಕೆಯವರು ಪುಟ ಮುಗಿಸುವುದೂ ಅದೇ ಹೊತ್ತಿಗೆ. ಆದ್ದರಿಂದ ಡೊಂಬಯ್ಯ ಬೆಳಗಿನ ಚಹಾ ಕುಡಿದು, ಆಮಂತ್ರಣ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ಉದ್ಘಾಟನೆ ಮಾಡಿಸಿ, ಭಾಷಣ ಮಾಡಿಸಿ, ಪಂದ್ಯ ಆಡಿಸಿ, ಬಹುಮಾನ ಕೊಡಿಸಿ, ಒಂಬತ್ತು ಗಂಟೆಯೊಳಗೆ ವರದಿ ಕಳಿಸಿಬಿಡುತ್ತಿದ್ದರು. ಗೆದ್ದವರ ಜಾಗದಲ್ಲಿ ಚುಕ್ಕಿ ಇಟ್ಟರೆ ವಾಕ್ಯ ಬೋಳಾಗಿ ಕಾಣುತ್ತದೆಂದು ಅಲ್ಲಿ ಕಳೆದ ವರ್ಷ ಗೆದ್ದವರ ಹೆಸರನ್ನೇ ಹಾಕುತ್ತಿದ್ದರು.

ಇಷ್ಟಾದರೂ ಅನಾಹುತವಾಗದೆ ಇದ್ದದ್ದು ಪತ್ರಿಕಾ ಕಚೇರಿಯ ಹರಿಪ್ರಸಾದರಿಂದ. ಸಂಜೆ ಸರಿಯಾಗಿ ಏಳಕ್ಕೆ ಅವರ ಫೋನು ಬರುತ್ತಿತ್ತು. "ಡೊಂಬಯ್ಯರೇ, ಕಾರ್ಯಕ್ರಮ ಆಯಿತಲ್ಲ? ಯಾರು ಗೆದ್ದದ್ದು?" ಡೊಂಬಯ್ಯ ಸಂಘಟಕರನ್ನು ಫೋನಿನಲ್ಲಿ ಕೇಳಿ ಹೇಳುತ್ತಿದ್ದರು. ಹರಿಪ್ರಸಾದ್ ಹೆಸರು ತಿದ್ದಿ, "ಜಾಗ ಇಲ್ಲ ಮಾರಾಯ್ರೆ, ಒಂದು ಪ್ಯಾರಾ ಕಡಿಮೆ ಮಾಡ್ತೇನೆ" ಎಂದು ಫೋನ್ ಇಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಡೊಂಬಯ್ಯ ಒಂದೇ ಒಂದು ಫೈನಲನ್ನೂ ಕೊನೆಯವರೆಗೆ ನಿಂತು ನೋಡಿದವರಲ್ಲ ಎಂಬ ಸಂಗತಿ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆಮೇಲೆ ಪತ್ರಿಕೆಗೆ ಕೆಟ್ಟ ಕಾಲ ಬಂತು. ಮರ್ಕಂಜಕ್ಕೆ ನೂರೈವತ್ತು ಪ್ರತಿ ಬರುತ್ತಿದ್ದದ್ದು ಇಪ್ಪತ್ತೆಂಟಕ್ಕೆ ಇಳಿಯಿತು. ಊರಿನ ಕ್ರೀಡಾಪುಟ ಮೊದಲು ಅರ್ಧವಾಯಿತು, ಮತ್ತೆ ಕಾಲಾಯಿತು, ಒಂದು ದಿನ ಆ ಕಾಲಿನ ಜಾಗದಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು. ಹರಿಪ್ರಸಾದರನ್ನು ಹಾರ ಹಾಕಿ ಕಳಿಸಿದರು. ಅವರು ಪುತ್ತೂರಿಗೆ ಬಂದು ಭಾವನ ಪೈಪಿನ ಅಂಗಡಿಯಲ್ಲಿ ಕುಳಿತರು. ಡೊಂಬಯ್ಯರಿಗೆ ಹಾರವೂ ಇಲ್ಲ, ಮೊಬೈಲಿಗೆ ಎರಡು ಸಾಲಿನ ಮೆಸೇಜು ಬಂತು ಅಷ್ಟೆ.

ಅನಂತರದ ನಾಲ್ಕು ತಿಂಗಳು ಅವರ ಫೋನು ರಿಂಗಾಗಲಿಲ್ಲ. ಸಭೆಗಳಿಗೆ ಹೋದರೆ "ಪತ್ರಿಕೆಯವರು ಬಂದರು, ಕುರ್ಚಿ ಕೊಡಿ" ಎನ್ನುವವರು ಇಲ್ಲವಾದರು. ಐವತ್ತಾರು ವರ್ಷದ ಮನುಷ್ಯ ಮನೆಯ ಜಗಲಿಯಲ್ಲಿ ಕುಳಿತು ಹಳೆಯ ಆಮಂತ್ರಣ ಪತ್ರಿಕೆಗಳನ್ನು ತಿರುವಿ ಹಾಕುವುದನ್ನು ನೋಡಲಾರದೆ ಹೆಂಡತಿ ಸೇವಂತಿಯೇ ಅವರನ್ನು ಸುಳ್ಯಕ್ಕೆ, ರಿಝ್ವಾನಾಳ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದಳು. ರಿಝ್ವಾನಾ ಒಂದೇ ಮಧ್ಯಾಹ್ನದಲ್ಲಿ 'ಕ್ರೀಡಾದರ್ಪಣ'ವನ್ನು ಕಟ್ಟಿಕೊಟ್ಟಳು. ಕಾಗದ ಬೇಡ, ಏಜೆಂಟರು ಬೇಡ. ತಿಂಗಳಿಗೆ ನಲವತ್ತು ರೂಪಾಯಿ ಚಂದಾ ಕಟ್ಟಿದವರ ಮೊಬೈಲಿಗೆ ಮೂರು ತಾಲೂಕುಗಳ ಆಟದ ಸುದ್ದಿ ನೇರವಾಗಿ ಹೋಗುತ್ತದೆ. ಡೊಂಬಯ್ಯ ಬರೆಯಬೇಕು, ಒಂದು ಗುಂಡಿ ಒತ್ತಬೇಕು, ಇಷ್ಟೇ ಕೆಲಸ.

ಉದ್ಘಾಟನೆಯ ದಿನ ಎಲ್ಲ ಸರಿಯಾಗಿಯೇ ನಡೆದಿತ್ತು, ಡೊಂಬಯ್ಯ ಮೈಕು ಹಿಡಿಯುವವರೆಗೆ. ಮೈಕು ಸಿಕ್ಕಿದ ಸಂತೋಷದಲ್ಲಿ ಅವರು, "ಈಗಿನ ಮೊಬೈಲ್ ಸುದ್ದಿಯವರ ಹಾಗೆ ಬಾಯಿಗೆ ಬಂದದ್ದು ಬರೆಯುವವ ನಾನಲ್ಲ. ನನ್ನ ಕ್ರೀಡಾದರ್ಪಣದಲ್ಲಿ ಒಂದೇ ಒಂದು ತಪ್ಪು ಸುದ್ದಿ ಬಂದರೆ ಅಂದೇ ಅದನ್ನು ನಿಲ್ಲಿಸಿಬಿಡುತ್ತೇನೆ" ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆಯ ಉತ್ಸಾಹದಲ್ಲಿ ಆ ಮಾತನ್ನು ಪ್ರತಿ ಸಂಚಿಕೆಯ ತಲೆಯ ಮೇಲೆ ಕೆಂಪಕ್ಷರದಲ್ಲಿ ಹಾಕಿಸಿದರು.

"ಅಷ್ಟು ಹೇಳುದು ಬೇಕಿತ್ತಾ?" ಎಂದು ಸೇವಂತಿ ಅಂದೇ ಕೇಳಿದ್ದಳು. ಅವಳ ಮಾತನ್ನು ಯಾರೂ ವರದಿ ಮಾಡಲಿಲ್ಲ.

ಚಂದಾದಾರರು ಮುನ್ನೂರ ಹನ್ನೆರಡಾದರು. ಡೊಂಬಯ್ಯರಿಗೆ ಮತ್ತೆ ಕುರ್ಚಿ ಸಿಗತೊಡಗಿತು, ಫೋನು ರಿಂಗಾಗತೊಡಗಿತು. ಮಳೆಗಾಲವಾದ್ದರಿಂದ ಪಂದ್ಯಾಟಗಳು ಇನ್ನೂ ಶುರುವಾಗಿರಲಿಲ್ಲ, ಅದುವರೆಗೆ ಹೋದದ್ದೆಲ್ಲ ಸಭೆ, ಸನ್ಮಾನದ ಸುದ್ದಿ. ಹೀಗಿರುವಾಗ ಜುಲೈಯ ಕೊನೆಯ ಭಾನುವಾರ ಬಂತು. ಅಂದು ಮಧ್ಯಾಹ್ನ ಎರಡಕ್ಕೆ ನೆಟ್ಟಣದಲ್ಲಿ ಕೆಸರುಗದ್ದೆ ಹಗ್ಗಜಗ್ಗಾಟ. ಡೊಂಬಯ್ಯ ಎಂದಿನಂತೆ ಬೆಳಿಗ್ಗೆ ಚಹಾ ಕುಡಿದು, ಎಂದಿನಂತೆ ಆಮಂತ್ರಣ ಪತ್ರಿಕೆ ಎದುರಿಗಿಟ್ಟುಕೊಂಡು, ಎಂದಿನಂತೆ ವರದಿ ಬರೆದು, ಎಂಟೂ ನಲವತ್ತಕ್ಕೆ ಎಂದಿನಂತೆ ಕಳಿಸಿಬಿಟ್ಟರು.

ಅಡುಗೆಮನೆಯಲ್ಲಿ ಸೇವಂತಿಯ ಮೊಬೈಲು ಟಿಣ್ ಎಂದಿತು. ಅವಳು ಒಂದನೇ ನಂಬರಿನ ಚಂದಾದಾರಳು.

"ನೆಟ್ಟಣದ ಹಗ್ಗಜಗ್ಗಾಟ ಇಷ್ಟು ಬೇಗ ಮುಗಿಯಿತಾ?" ಅವಳು ಒಳಗಿನಿಂದಲೇ ಕೇಳಿದಳು. "ರಾಮಕುಂಜದವರು ಗೆದ್ದದ್ದಂತೆ."

"ಯಾರು ಹೇಳಿದ್ದು?"

"ನೀವೇ."

ಡೊಂಬಯ್ಯರ ಕೈಯ ಎರಡನೇ ಚಹಾದ ಲೋಟ ಅರ್ಧದಲ್ಲೇ ನಿಂತಿತು. ಕಳಿಸಿದ ಸುದ್ದಿಯನ್ನು ಸಂಜೆಯವರೆಗೆ ಇಟ್ಟುಕೊಳ್ಳುವ ಕಚೇರಿ ಈಗ ಇಲ್ಲ, ಏಳು ಗಂಟೆಗೆ ಕೇಳುವ ಹರಿಪ್ರಸಾದರೂ ಇಲ್ಲ ಎಂಬುದು ಅವರ ತಲೆಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ. ಮೊಬೈಲು ತೆಗೆದು ನೋಡಿದರೆ ಅವರದೇ ಭಾಷೆಯಲ್ಲಿ ಎಲ್ಲವೂ ಚಂದವಾಗಿ ನಡೆದುಹೋಗಿತ್ತು:

'ನೆಟ್ಟಣ: ಇಲ್ಲಿನ ಯುವಕ ಮಂಡಲದ ಆಶ್ರಯದಲ್ಲಿ ಕೆಸರುಗದ್ದೆ ಹಗ್ಗಜಗ್ಗಾಟ ಸ್ಪರ್ಧೆಯು ಭಾನುವಾರ ವಿಜೃಂಭಣೆಯಿಂದ ಜರಗಿತು. ನಿವೃತ್ತ ಮುಖ್ಯೋಪಾಧ್ಯಾಯ ರಾಮಕುಂಜದ ಕೃಷ್ಣಮೋಹನ ಅವರು ಅಡಿಕೆಯ ಹಿಂಗಾರ ಅರಳಿಸಿ ಉದ್ಘಾಟಿಸಿ, ಯುವಜನರು ಮೊಬೈಲ್ ಬಿಟ್ಟು ಗದ್ದೆಗೆ ಇಳಿಯಬೇಕೆಂದು ಕರೆ ನೀಡಿದರು. ಅಧ್ಯಕ್ಷತೆ ವಹಿಸಿದ್ದ ತ್ಯಾಂಪಣ್ಣ, ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆ ಎಂದರು. ರೋಚಕ ಫೈನಲ್‌ನಲ್ಲಿ ರಾಮಕುಂಜ ತಂಡವು ಆತಿಥೇಯ ನೆಟ್ಟಣ ತಂಡವನ್ನು 2-1ರಿಂದ ಮಣಿಸಿ ಪ್ರಶಸ್ತಿ ಉಳಿಸಿಕೊಂಡಿತು. ಸಹಸ್ರಾರು ಕ್ರೀಡಾಭಿಮಾನಿಗಳು ಸೇರಿದ್ದರು. ಪೊಲೀಸರು ಬಿಗಿ ಬಂದೋಬಸ್ತ್ ಏರ್ಪಡಿಸಿದ್ದರು. ಅಂಗನವಾಡಿ ಶಿಕ್ಷಕಿ ಶೀಲಾವತಿ ವಂದಿಸಿದರು.'

ಅದರ ತಲೆಯ ಮೇಲೆ ಕೆಂಪಕ್ಷರಗಳು ಇದ್ದಲ್ಲೇ ಇದ್ದವು.

ರಿಝ್ವಾನಾಗೆ ಫೋನ್ ಹೋಯಿತು.

"ಅಳಿಸಬಹುದು ಸರ್," ಎಂದಳು ಅವಳು. "ಆದ್ರೆ ಮುನ್ನೂರ ಹನ್ನೆರಡು ಜನಕ್ಕೂ ಹೋಗಿ ಆಗಿದೆ. ಈಗ ಅಳಿಸಿದ್ರೆ, ಸುದ್ದಿ ಅಳಿಸಿದ್ದೇವೆ ಅಂತ ಪುನಃ ಮುನ್ನೂರ ಹನ್ನೆರಡು ಜನಕ್ಕೆ ಹೋಗ್ತದೆ. ಓದದವರೂ ಹುಡುಕಿ ಓದ್ತಾರೆ."

"ಅಲ್ಲ ರಿಝ್ವಾನಾ, ಕಳಿಸುವ ಮೊದಲು ಒಮ್ಮೆ ಕೇಳುದು ಬೇಡವಾ? ನಮ್ಮ ಹರಿಪ್ರಸಾದರು ಕೇಳ್ತಿದ್ದರು."

"ಇದೂ ಕೇಳ್ತದಲ್ಲ ಸರ್, ಖಚಿತವೇ ಅಂತ. ನೀವು ಹೌದು ಅಂತ ಒತ್ತಿದ್ದೀರಿ."

ಡೊಂಬಯ್ಯ ಅದನ್ನು ಉಪಚಾರದ ಮಾತೆಂದು ತಿಳಿದಿದ್ದರು. ಅವರು ಹರಿಪ್ರಸಾದರಿಗೆ ಮೂರು ಸಲ ಫೋನು ಮಾಡಿದರು. ಮೂರು ಸಲವೂ ಎತ್ತಲಿಲ್ಲ. ನಾಳೆಯಿಂದ ಮತ್ತೆ ಜಗಲಿ, ಮತ್ತೆ ರಿಂಗಾಗದ ಫೋನು. ಆ ನಾಲ್ಕು ತಿಂಗಳನ್ನು ಇನ್ನೊಮ್ಮೆ ಬದುಕಲು ತನ್ನಿಂದಾಗದು ಎಂದು ಅವರಿಗೆ ನಿಚ್ಚಳವಾಗಿ ಗೊತ್ತಿತ್ತು.

"ಈಗ ಎಂತ ಮಾಡುದು?" ಎಂದಳು ಸೇವಂತಿ.

ಡೊಂಬಯ್ಯ ಅಂಗಿ ಹಾಕಿಕೊಂಡರು. ವರದಿಯನ್ನು ಕಾರ್ಯಕ್ರಮಕ್ಕೆ ಸರಿಯಾಗಿ ತಿದ್ದಲು ಆಗುವುದಿಲ್ಲ ಎಂದಾದ ಮೇಲೆ ಕಾರ್ಯಕ್ರಮವನ್ನೇ ವರದಿಗೆ ಸರಿಯಾಗಿ ತಿದ್ದುವುದೊಂದೇ ದಾರಿ ಎಂದು ಅವರು ತೀರ್ಮಾನಿಸಿದ್ದರು. ದೊಡ್ಡ ದೊಡ್ಡ ಸರಕಾರಗಳು ಮಾಡುವ ಕೆಲಸಕ್ಕೆ ಅವರು ಒಂದು ಹಳೆಯ ಬೈಕಿನಲ್ಲಿ ಹೊರಟರು.

ಗೇಟು ದಾಟುವ ಮೊದಲೇ ತ್ಯಾಂಪಣ್ಣನ ಫೋನು ಬಂತು. ತ್ಯಾಂಪಣ್ಣ ಇಪ್ಪತ್ತಾರು ವರ್ಷದಿಂದ ನೆಟ್ಟಣ ಯುವಕ ಮಂಡಲದ ಅಧ್ಯಕ್ಷರು. ಯುವಕ ಮಂಡಲದಲ್ಲಿ ಅವರಿಗಿಂತ ಹಿರಿಯರು ಯಾರೂ ಇಲ್ಲ.

"ಎಂತ ಮಾರಾಯ್ರೆ, ನಾನು ಇನ್ನೂ ಮುಖ ತೊಳೆದಿಲ್ಲ, ನನ್ನ ಭಾಷಣ ಮುಗಿದಿದೆಯಲ್ಲ?"

"ಅದು ಸ್ವಲ್ಪ ಬೇಗ ಆಯಿತು ತ್ಯಾಂಪಣ್ಣ. ನೀವು ಅಷ್ಟೇ ಹೇಳಿದರೆ ಸಾಕು."

"ಅಷ್ಟೇ ಹೇಳ್ತೇನೆ. ಮೂರು ದಿನದಿಂದ ಎಂತ ಹೇಳುದು ಅಂತ ತಲೆ ಕೆಟ್ಟಿತ್ತು, ನೀವು ಉಪಕಾರ ಮಾಡಿದಿರಿ. ಆದ್ರೆ ಇನ್ನೊಂದು ವಿಷಯ ಉಂಟು. ನಮ್ಮ ತಂಡದವರು ನಿಮ್ಮ ಸುದ್ದಿ ಓದಿ ಗದ್ದೆಯ ಹುಣಿಯಲ್ಲಿ ಕೂತಿದ್ದಾರೆ. ಹನ್ನೊಂದು ವರ್ಷದಿಂದ ರಾಮಕುಂಜಕ್ಕೆ ಸೋಲ್ತಾ ಇದ್ದೇವೆ, ಹಗ್ಗ ಮುಟ್ಟುವ ಮೊದಲು ಸೋತದ್ದು ಇದೇ ಸಲ ಅಂತ ಹೇಳ್ತಾರೆ. ಇವತ್ತು ಗೆದ್ದು ಡೊಂಬಯ್ಯರ ಪೇಪರನ್ನು ಮುಚ್ಚಿಸಿಯೇ ಮನೆಗೆ ಹೋಗುದು ಅಂತ ಶಪಥ ಆಗಿದೆ. ಬರುವಾಗ ಹೆಲ್ಮೆಟ್ ತೆಗಿಬೇಡಿ."

ಡೊಂಬಯ್ಯ ಮೊದಲು ರಾಮಕುಂಜಕ್ಕೆ ಹೋದರು. ಉದ್ಘಾಟಕರು ಸರಿಯಿದ್ದರೆ ಅರ್ಧ ವರದಿ ಸರಿಯಿದ್ದಂತೆ ಎಂಬುದು ಅವರ ಲೆಕ್ಕ. ಕೃಷ್ಣಮೋಹನ ಮಾಷ್ಟ್ರ ಮನೆಯಲ್ಲಿ ಬಾಗಿಲಿಗೆ ಬಂದವರು ಅವರ ಹೆಂಡತಿ ಕೌಸಲ್ಯಾ.

"ಬನ್ನಿ ಡೊಂಬಯ್ಯರೇ, ಕೂತುಕೊಳ್ಳಿ. ಇವರು ಉದ್ಘಾಟನೆ ಮುಗಿಸಿ ಮಲಗಿದ್ದಾರೆ."

ಒಳಗೆ ಮಾಷ್ಟ್ರು ನಿಜವಾಗಿಯೂ ಮಲಗಿದ್ದರು, ಎದೆಯ ಮೇಲೆ ಮೊಬೈಲು ಇತ್ತು. "ಬೆನ್ನುನೋವು ಡೊಂಬಯ್ಯ. ಬರಲಿಕ್ಕೆ ಆಗುದಿಲ್ಲ ಅಂತ ತ್ಯಾಂಪಣ್ಣನಿಗೆ ಹೇಳುದು ಹೇಗೆ ಅಂತ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ನಿಮ್ಮ ಸುದ್ದಿ ಬಂತು. ನಾನು ಉದ್ಘಾಟಿಸಿ ಆಗಿದೆ, ಒಳ್ಳೆಯ ಮಾತೂ ಹೇಳಿ ಆಗಿದೆ. ಮೊಬೈಲ್ ಬಿಟ್ಟು ಗದ್ದೆಗೆ ಇಳಿಯಬೇಕು ಅಂತ ನಾನು ಹೇಳಿದ್ದನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಮೊಬೈಲಿನಲ್ಲಿ ಓದಿದೆ."

"ಮಾಷ್ಟ್ರೇ, ನೀವು ಬರ್ಲೇಬೇಕು."

"ಇನ್ನೊಮ್ಮೆ ಎಂತಕ್ಕೆ? ಒಂದೇ ಪಂದ್ಯಾಟವನ್ನು ಎರಡು ಸಲ ಉದ್ಘಾಟಿಸುವ ಕ್ರಮ ಇಲ್ಲ."

ಡೊಂಬಯ್ಯ ಕೈ ಮುಗಿದರು. ಕೆಂಪಕ್ಷರ ತೋರಿಸಿದರು. ಪತ್ರಿಕೆ ನಿಂತುಹೋಗುತ್ತದೆ ಎಂದರು. ಮತ್ತೆ ಕೈ ಮುಗಿದರು. ಕೌಸಲ್ಯಾ ಗಂಡನನ್ನು ಒಂದು ಕ್ಷಣ ನೋಡಿ, "ಏಳಿ. ಹಿಂಗಾರ ಅರಳಿಸಲಿಕ್ಕೆ ಬೆನ್ನು ಬೇಡ, ಕೈ ಸಾಕು" ಎಂದರು. ಮಾಷ್ಟ್ರನ್ನು ಇಬ್ಬರೂ ಸೇರಿ ಬಾಡಿಗೆ ರಿಕ್ಷಾದಲ್ಲಿ, ಬೆನ್ನಿನ ಹಿಂದೆ ಎರಡು ದಿಂಬು ಕೊಟ್ಟು ಕೂರಿಸಿದರು. ಡೊಂಬಯ್ಯ ಹಿಂದಿನಿಂದ ಬೈಕಿನಲ್ಲಿ ಕಾವಲು ಹೊರಟರು.

ನೆಟ್ಟಣ ತಲುಪಿದಾಗ ಅವರಿಗೆ ದಾರಿ ತಪ್ಪಿತೋ ಎನಿಸಿತು. ರೈಲ್ವೆ ಸ್ಟೇಷನಿನ ರಸ್ತೆಯ ಎರಡೂ ಬದಿಗೆ ಬೈಕು, ಜೀಪು, ಪಿಕಪ್ಪು. ಗದ್ದೆಯ ಹುಣಿಗಳಲ್ಲಿ, ಆ ಕಿರಿದಾದ ಬದುಗಳ ಮೇಲೆ, ನಿಲ್ಲಲು ಜಾಗವಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ವರದಿಯಲ್ಲೂ ಅವರು 'ಸಹಸ್ರಾರು ಕ್ರೀಡಾಭಿಮಾನಿಗಳು' ಎಂದು ಬರೆದಿದ್ದರು. ಬರುತ್ತಿದ್ದದ್ದು ತೊಂಬತ್ತು ಜನ, ಅದರಲ್ಲಿ ಮೂವತ್ತು ಜನ ಆಡುವವರು. ಮುನ್ನೂರ ಹನ್ನೆರಡು ಜನ ಬೆಳಗಿನಿಂದ ಮೂರು ತಾಲೂಕುಗಳಿಗೆ ಸುದ್ದಿ ಹಂಚಿದ್ದರ ಫಲವಾಗಿ ಇಂದು ಮೊದಲ ಬಾರಿ ಆ ಸಾಲು ನಿಜವಾಗಿತ್ತು. ಹಗ್ಗಕ್ಕಿಂತ ಹೆಚ್ಚಾಗಿ ಎಲ್ಲರೂ ನೋಡಲು ಬಂದದ್ದು ಡೊಂಬಯ್ಯರನ್ನು.

ಗೇಟಿನಲ್ಲಿ ಬೀಟ್ ಪೊಲೀಸಿನವರು ತಡೆದರು. "ನೀವೇನಾ ಡೊಂಬಯ್ಯ? ಫಲಿತಾಂಶ ಮೊದಲೇ ಹೇಗೆ ಗೊತ್ತಾಯಿತು? ಬೆಟ್ಟಿಂಗು ಎಂತಾದರೂ ಉಂಟಾ?"

"ಇಲ್ಲ ಸರ್. ನಾನು ಯಾವಾಗಲೂ ಮೊದಲೇ ಬರೆಯುದು."

"ಯಾವಾಗಲೂ?" ಪೊಲೀಸಿನವರು ಮೊಬೈಲು ತೆಗೆದು ಸುದ್ದಿಯನ್ನು ಒಂದೊಂದೇ ಸಾಲು ಓದುತ್ತ ಹೋದರು. ಕೊನೆಗೆ ಬಂದಾಗ ಅವರ ಮುಖ ಬದಲಾಯಿತು. ಅತ್ತ ತಿರುಗಿ ಠಾಣೆಗೆ ಫೋನ್ ಮಾಡಿದರು. "ಸರ್, ಇಲ್ಲಿ ಬಿಗಿ ಬಂದೋಬಸ್ತ್ ಅಂತ ಪೇಪರಿನಲ್ಲಿ ಬಂದು ಆಗಿದೆ. ನಾನು ಒಬ್ಬನೇ ಇರುದು. ಇಬ್ಬರನ್ನಾದರೂ ಕಳಿಸಿ, ಇಲ್ಲದಿದ್ದರೆ ನಾಳೆ ಕೇಳ್ತಾರೆ." ಅರ್ಧ ಗಂಟೆಯಲ್ಲಿ ನಾಲ್ವರು ಬಂದು ಹಗ್ಗಕ್ಕೆ ಬಿಗಿ ಬಂದೋಬಸ್ತ್ ಕೊಟ್ಟರು.

ಮಾಷ್ಟ್ರು ದಿಂಬಿನ ಸಮೇತ ವೇದಿಕೆ ಏರಿ ಹಿಂಗಾರ ಅರಳಿಸಿದರು. ಮೊಬೈಲ್ ಬಿಡಬೇಕೆಂಬ ಮಾತನ್ನು ಮೊಬೈಲ್ ನೋಡಿಕೊಂಡು ಹೇಳಿದರು. ತ್ಯಾಂಪಣ್ಣ ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆ ಎಂದು ಹೇಳಿ, ಸುದ್ದಿಯಲ್ಲಿ ಅದಕ್ಕಿಂತ ಹೆಚ್ಚು ಇಲ್ಲದ್ದರಿಂದ ಕುಳಿತುಬಿಟ್ಟರು. ಸಭೆ ಇಷ್ಟು ಬೇಗ ಮುಗಿದದ್ದನ್ನು ಆ ಊರು ಕಂಡಿರಲಿಲ್ಲ. ಡೊಂಬಯ್ಯ ಕೈಯ ಕಾಗದದಲ್ಲಿ ಒಂದೊಂದೇ ಸಾಲಿಗೆ ಗೀಟು ಹಾಕುತ್ತ ಬಂದರು. ಉಳಿದದ್ದು ಎರಡು ಸಾಲು. ಶೀಲಾವತಿಯ ವಂದನೆ, ಮತ್ತು ರಾಮಕುಂಜದ ಗೆಲುವು.

ಸೆಮಿಫೈನಲುಗಳು ಮುಗಿದವು. ಫೈನಲಿಗೆ ಬಂದದ್ದು ರಾಮಕುಂಜ ಮತ್ತು ನೆಟ್ಟಣವೇ. ಡೊಂಬಯ್ಯ ನೀರು ಕುಡಿಯಲು ಶಾಮಿಯಾನದ ಹಿಂದೆ ಹೋದರು. ಅಲ್ಲಿಗೆ ಅಲಿ ಕುಂಞಿ ಬಂದ.

ಅಲಿ ಕುಂಞಿ ನೆಟ್ಟಣ ತಂಡದಲ್ಲಿ ಹಗ್ಗದ ಕೊನೆಗೆ ನಿಲ್ಲುವವನು. ಹಗ್ಗವನ್ನು ಮೈಗೆ ಸುತ್ತಿಕೊಂಡು ಇಡೀ ತಂಡದ ಭಾರ ಹೊರುವುದು ಅವನ ಕೆಲಸ. ಉಳಿದ ದಿನ ಲಾರಿಗಳಿಗೆ ಮರ ಲೋಡು ಮಾಡುತ್ತಾನೆ. ಅವನು ಅತ್ತಿತ್ತ ನೋಡಿ, ಸೊಂಟದ ಪರ್ಸಿನಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಪತ್ರಿಕೆಯ ತುಂಡನ್ನು ತೆಗೆದ.

"ನೆನಪುಂಟಾ ಡೊಂಬಯ್ಯಣ್ಣ? ಹದಿನಾಲ್ಕು ವರ್ಷ ಆಯಿತು. ಗುತ್ತಿಗಾರಿನ ಫೈನಲ್. 'ಅಲಿ ಕುಂಞಿ ಬಂಡೆಯಂತೆ ನಿಂತು ಎದುರಾಳಿಗಳ ಬೆವರಿಳಿಸಿದರು.' ನನ್ನ ಹೆಸರು ಪೇಪರಿನಲ್ಲಿ ಬಂದದ್ದು ಅದೇ ಒಂದು ಸಲ. ನನ್ನ ಮಗಳ ಮದುವೆ ಮಾತಿನ ದಿನ ಇದನ್ನು ಬೀಗರಿಗೆ ತೋರಿಸಿದ್ದೇನೆ. ನೀವು ಅಷ್ಟು ಸರಿಯಾಗಿ ನೋಡಿ ಬರೆದಿದ್ದೀರಿ."

ಡೊಂಬಯ್ಯ ಆ ತುಂಡನ್ನು ನೋಡಿದರು. ಆ ವಾಕ್ಯ ಅವರಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಬರೆದದ್ದು ಮರ್ಕಂಜದ ಜಗಲಿಯಲ್ಲಿ, ಬೆಳಿಗ್ಗೆ ಎಂಟೂವರೆಗೆ, ನೀರುದೋಸೆ ತಿನ್ನುತ್ತ. ಆ ದಿನ ಅವರು ಗುತ್ತಿಗಾರಿಗೆ ಹೋಗಿಯೇ ಇರಲಿಲ್ಲ.

"ನಿಮ್ಮ ಪೇಪರ್ ಮುಚ್ಚಬಾರದು," ಅಲಿ ಕುಂಞಿ ಧ್ವನಿ ತಗ್ಗಿಸಿದ. "ಹುಡುಗರಿಗೆ ಹೇಳಬೇಡಿ. ಮೂರನೇ ಎಳೆತಕ್ಕೆ ನಾನು ಒಂದು ಕಾಲು ಜಾರಿಸ್ತೇನೆ. ಕೆಸರು ಅಲ್ಲವಾ, ಯಾರಿಗೆ ಗೊತ್ತಾಗ್ತದೆ?"

ಬೆಳಗಿನಿಂದ ಡೊಂಬಯ್ಯ ಕಾಯುತ್ತಿದ್ದದ್ದು ಇದೇ ಮಾತಿಗೆ. ಒಂದು 'ಆಯಿತು' ಎಂದರೆ ಸಾಕು, ವರದಿಯ ಕೊನೆಯ ಸಾಲಿಗೂ ಗೀಟು ಬೀಳುತ್ತಿತ್ತು. ಅವರು ಬಾಯಿ ತೆರೆದರು. ಆದರೆ ಅವರ ಕಣ್ಣು ಆ ಪ್ಲಾಸ್ಟಿಕ್ಕಿನೊಳಗಿನ ಹಳದಿ ಕಾಗದದ ಮೇಲೆಯೇ ಇತ್ತು, ಮತ್ತು ಅವರಿಗೆ ಜೀವನದಲ್ಲಿ ಮೊದಲ ಬಾರಿ ತಾನು ಬರೆದದ್ದನ್ನು ಓದಿ ನಾಚಿಕೆಯಾಯಿತು.

"ಬೇಡ ಅಲಿ ಕುಂಞಿ," ಎಂದರು. "ನೀನು ಸರಿಯಾಗಿ ಎಳಿ. ಇವತ್ತು ನಾನು ನೋಡ್ತೇನೆ."

"ಯಾವಾಗಲೂ ನೋಡ್ತೀರಿ ಅಲ್ಲವಾ?"

ಡೊಂಬಯ್ಯ ಗದ್ದೆಯ ಕಡೆಗೆ ನಡೆದರು. ಚಪ್ಪಲಿ ಬಿಚ್ಚಿ, ಪ್ಯಾಂಟು ಮಡಚಿ, ಹಗ್ಗದಿಂದ ನಾಲ್ಕು ಮಾರು ದೂರದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತರು.

ಮೊದಲ ಎಳೆತವನ್ನು ರಾಮಕುಂಜ ಗೆದ್ದಿತು. ಡೊಂಬಯ್ಯರ ಜೀವ ಹಗುರವಾಯಿತು. ಎರಡನೆಯದನ್ನು ನೆಟ್ಟಣ ಗೆದ್ದಿತು. ಹಗುರವಾದ ಜೀವ ಮತ್ತೆ ಭಾರವಾಯಿತು. ಮೂರನೆಯದಕ್ಕೆ ಸೀಟಿ ಬಿದ್ದಾಗ ಸಹಸ್ರಾರು ಜನ ಉಸಿರು ಹಿಡಿದರು. ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅಲಿ ಕುಂಞಿಯ ಹಿಮ್ಮಡಿ ಕೆಸರಿನೊಳಗೆ ಇಳಿಯುತ್ತ ಇಳಿಯುತ್ತ ಕಾಣದಾಯಿತು. ಅವನ ಕುತ್ತಿಗೆಯ ನರ ಉಬ್ಬಿತ್ತು, ಎಡಗಣ್ಣಿಗೆ ಕೆಸರು ಹೊಕ್ಕಿತ್ತು, ಒರೆಸಲು ಕೈ ಬಿಡುವಂತಿರಲಿಲ್ಲ. ಅವನು ತುಟಿಯಲ್ಲೇ ಎಣಿಸುತ್ತಿದ್ದ. ಹತ್ತು ಎಣಿಸಿದಾಗೊಮ್ಮೆ ಒಂದು ಬೆರಳಿನಷ್ಟು ಹಿಂದೆ ಹೋಗುತ್ತಿದ್ದ. ರಾಮಕುಂಜದ ಮುಂದಿನವನ ಕಾಲು ನಡುಗತೊಡಗಿದ್ದು ಡೊಂಬಯ್ಯರಿಗೆ ಕಂಡಿತು. ಪತ್ರಿಕೆ, ಕೆಂಪಕ್ಷರ, ಜಗಲಿ ಯಾವುದೂ ಅವರಿಗೆ ಆ ಹೊತ್ತಿನಲ್ಲಿ ನೆನಪಿರಲಿಲ್ಲ. ಅವರ ಬಾಯಿಂದ "ಎಳಿ ಮಾರಾಯ" ಎಂಬ ಮಾತು ಹೊರಬಿತ್ತು. ಯಾರಿಗೆ ಹೇಳಿದ್ದೆಂದು ಅವರಿಗೇ ಗೊತ್ತಿರಲಿಲ್ಲ.

ನಾಲ್ಕು ನಿಮಿಷದ ಮೇಲೆ ರಾಮಕುಂಜದ ಎಂಟೂ ಜನ ಒಬ್ಬರ ಮೇಲೊಬ್ಬರು ಬಿದ್ದರು. ಹನ್ನೊಂದು ವರ್ಷದ ಮೇಲೆ ನೆಟ್ಟಣ ಗೆದ್ದಿತು.

ಕುಣಿತ ಮುಗಿದ ಮೇಲೆ ಎಲ್ಲರಿಗೂ ಡೊಂಬಯ್ಯರ ನೆನಪಾಯಿತು. ಅವರು ಇನ್ನೂ ಕೆಸರಿನಲ್ಲೇ ನಿಂತಿದ್ದರು. ತ್ಯಾಂಪಣ್ಣ ಮೈಕು ಕೊಟ್ಟರು. ಡೊಂಬಯ್ಯ, "ನನ್ನ ಸುದ್ದಿ ತಪ್ಪಾಗಿದೆ. ಕೊಟ್ಟ ಮಾತಿನಂತೆ ಕ್ರೀಡಾದರ್ಪಣವನ್ನು ಇವತ್ತು ನಿಲ್ಲಿಸ್ತೇನೆ" ಎಂದರು.

ಮೊದಲ ಚಪ್ಪಾಳೆ ನೆಟ್ಟಣದ ಹುಡುಗರದೇ. ಶಪಥ ಪೂರೈಸಿತ್ತು. ಎರಡನೇ ಚಪ್ಪಾಳೆಯ ಮೊದಲು ಅವರಲ್ಲೊಬ್ಬನಿಗೆ ಒಂದು ಸಂಶಯ ಬಂತು.

"ಇವತ್ತೇ ನಿಲ್ಲಿಸಿದ್ರೆ ನಾವು ಗೆದ್ದದ್ದನ್ನು ಯಾರು ಹಾಕುದು?"

ಎರಡನೇ ಚಪ್ಪಾಳೆಗೆ ಎತ್ತಿದ ಕೈಗಳು ಕೆಳಗಿಳಿದವು. ದಿನಪತ್ರಿಕೆಗಳಲ್ಲಿ ಊರಿನ ಪುಟ ಇಲ್ಲ. ಬೇರೆ ವರದಿಗಾರರು ಯಾರೂ ಬಂದಿಲ್ಲ. ಕ್ರೀಡಾದರ್ಪಣ ಈ ಕ್ಷಣದಲ್ಲಿ ನಿಂತುಹೋದರೆ ಅದರ ಕೊನೆಯ ಸುದ್ದಿ, ಮುನ್ನೂರ ಹನ್ನೆರಡು ಮೊಬೈಲುಗಳಲ್ಲಿ, ಶಾಶ್ವತವಾಗಿ, ರಾಮಕುಂಜ ಗೆದ್ದಿತು ಎಂದೇ ಉಳಿಯುತ್ತದೆ.

ಇದು ರಾಮಕುಂಜದ ನಾಯಕನಿಗೂ ಅದೇ ಹೊತ್ತಿಗೆ ಹೊಳೆಯಿತು. ಅವನು ಮುಖದ ಕೆಸರು ಒರೆಸಿಕೊಂಡು ಗಂಭೀರವಾಗಿ, "ಡೊಂಬಯ್ಯರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಈಗಿಂದೀಗಲೇ ನಿಲ್ಲಿಸಲಿ" ಎಂದ.

"ನಿಲ್ಲಿಸಿದ್ರೆ ನೋಡು," ಎಂದರು ನೆಟ್ಟಣದವರು. ಬೆಳಗಿನಿಂದ ಪತ್ರಿಕೆ ಮುಚ್ಚಿಸಲು ಹೊರಟವರು ಈಗ ಡೊಂಬಯ್ಯರ ಸುತ್ತ ಕೋಟೆಯಂತೆ ನಿಂತರು. ಪೊಲೀಸರಿಗೆ ಕೊನೆಗೂ ಬಂದೋಬಸ್ತಿನ ಕೆಲಸ ಸಿಕ್ಕಿತು.

ತೀರ್ಪು ಕೊಟ್ಟವರು ಕೃಷ್ಣಮೋಹನ ಮಾಷ್ಟ್ರು. ಅವರು ರಾಮಕುಂಜದವರು, ಆದರೆ ಅದಕ್ಕಿಂತ ಮೊದಲು ಮಾಷ್ಟ್ರು. "ಮೂವತ್ತಾರು ವರ್ಷ ಉತ್ತರಪತ್ರಿಕೆ ನೋಡಿದವ ನಾನು," ಎಂದರು ದಿಂಬಿಗೆ ಒರಗಿ. "ತಪ್ಪು ಬರೆದವನನ್ನು ಶಾಲೆಯಿಂದ ಹೊರಗೆ ಹಾಕಿದರೆ ತಪ್ಪು ಹಾಗೇ ಉಳೀತದೆ. ತಪ್ಪು ಬರೆದವನೇ ತಿದ್ದಬೇಕು. ಡೊಂಬಯ್ಯ, ಆ ಕೆಂಪಕ್ಷರದಲ್ಲಿ ನಿಲ್ಲಿಸುತ್ತೇನೆ ಅಂತ ಇದ್ದದ್ದನ್ನು ತಿದ್ದುತ್ತೇನೆ ಅಂತ ಮಾಡಿ. ಮತ್ತೆ ಮೊದಲು ಈ ಸುದ್ದಿ ತಿದ್ದಿ. ನಾವು ಸೋತದ್ದು ಸೋತದ್ದೇ."

ರಾಮಕುಂಜದ ನಾಯಕ ತಲೆ ತಗ್ಗಿಸಿದ. ಅವನು ಆರನೇ ಕ್ಲಾಸಿನಲ್ಲಿ ಮಾಷ್ಟ್ರ ಕೈಯಲ್ಲಿ ಕಲಿತವನು.

ಜನ ಊಟದ ಕಡೆಗೆ ನುಗ್ಗಿದರು. ಆಗ ಮೈಕಿನಲ್ಲಿ ಶೀಲಾವತಿ ಟೀಚರ ಧ್ವನಿ ಕೇಳಿತು. "ಯಾರೂ ಹೋಗಬಾರದು. ನಾನು ವಂದಿಸಲಿಕ್ಕೆ ಉಂಟು." ಆ ಊರಿನ ಚರಿತ್ರೆಯಲ್ಲಿ ವಂದನಾರ್ಪಣೆ ನಡೆಯುವುದು ಪತ್ರಿಕೆಯಲ್ಲಿ ಮಾತ್ರ. ಅಷ್ಟು ಹೊತ್ತಿಗೆ ಸಭೆಯಲ್ಲಿ ವಂದಿಸುವವರೂ ಇರುವುದಿಲ್ಲ. "ಎಷ್ಟು ವರ್ಷದಿಂದ ವಂದಿಸಿದ್ದೇನೆ ಅಂತ ಪೇಪರಿನಲ್ಲಿ ಬರ್ತದೆ, ಒಮ್ಮೆಯೂ ನೀವು ವಂದಿಸಲಿಕ್ಕೆ ಬಿಟ್ಟಿಲ್ಲ," ಎಂದು ಅವರು ಇಪ್ಪತ್ತು ನಿಮಿಷ ವಂದಿಸಿದರು. ಶಾಮಿಯಾನದವರಿಗೆ, ಹಗ್ಗ ಕೊಟ್ಟವರಿಗೆ, ಗದ್ದೆಗೆ, ಪೊಲೀಸರಿಗೆ, ಎರಡು ದಿಂಬಿಗೆ. ಕೊನೆಗೆ, "ಕೆಸರಿನಲ್ಲಿ ನಿಂತು ನೋಡಿದ ಡೊಂಬಯ್ಯರಿಗೆ" ಎಂದರು. ಡೊಂಬಯ್ಯ ಕಾಗದ ತೆಗೆದು ಆ ಸಾಲಿಗೂ ಗೀಟು ಹಾಕಿದರು.

ಊಟದ ಗದ್ದಲ ತಪ್ಪಿಸಿ ಅವರು ಹುಣಿಯ ಮೇಲೆ ಒಬ್ಬರೇ ಕುಳಿತು ಮೊಬೈಲು ತೆಗೆದರು. ಬೆರಳಿನಲ್ಲಿ ಕೆಸರು ಒಣಗಿತ್ತು. ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದಾಗ ಫೋನು ರಿಂಗಾಯಿತು. ಸಮಯ ಸರಿಯಾಗಿ ಏಳು.

"ಡೊಂಬಯ್ಯರೇ, ಕಾರ್ಯಕ್ರಮ ಆಯಿತಲ್ಲ?"

ಹರಿಪ್ರಸಾದರ ಧ್ವನಿ. ಡೊಂಬಯ್ಯರಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು. "ಬೆಳಿಗ್ಗೆ ಮೂರು ಸಲ ಫೋನ್ ಮಾಡಿದ್ದೇನೆ, ಎಲ್ಲಿ ಹೋಗಿದ್ದಿರಿ?"

"ನೋಡಿದೆ. ಏಳು ಗಂಟೆಗೆ ಹೇಗೂ ಮಾಡ್ತೇನಲ್ಲ ಅಂತ ಬಿಟ್ಟೆ. ನಾನೂ ಚಂದಾದಾರ ಅಲ್ಲವಾ, ಬೆಳಿಗ್ಗೆ ಸುದ್ದಿ ಬಂತು, ಎಂದಿನ ಹಾಗೆ ನನಗೇ ಕಳಿಸಿದ್ದಾರೆ ಅಂದುಕೊಂಡೆ." ಪೈಪಿನ ಅಂಗಡಿಯಲ್ಲಿ ಯಾರೋ ಏನನ್ನೋ ಎಳೆಯುವ ಸದ್ದು ಕೇಳಿತು. "ಯಾರು ಗೆದ್ದದ್ದು?"

"ನೆಟ್ಟಣ."

"ಸರಿ, ಆ ಹೆಸರು ತಿದ್ದಿ ಹಾಕಿ. ಸಂಘಟಕರು ಹೇಳಿದ್ದಾ?"

"ಅಲ್ಲ," ಎಂದರು ಡೊಂಬಯ್ಯ. "ನಾನೇ ನೋಡಿದ್ದು."

ಹರಿಪ್ರಸಾದ್ ಅಂಗಡಿಯಲ್ಲಿ ಸದ್ದು ಮಾಡುತ್ತಿದ್ದವರಿಗೆ ನಿಲ್ಲಿಸಲು ಹೇಳಿದರು.

"ನೋಡಿದಿರಾ?"

"ಕೊನೆಯವರೆಗೆ. ಅಲಿ ಕುಂಞಿಯ ಹಿಮ್ಮಡಿ ಕೆಸರಿನಲ್ಲಿ ಮುಳುಗಿಹೋಗಿತ್ತು ಹರಿಪ್ರಸಾದರೇ. ಕಣ್ಣಿಗೆ ಕೆಸರು ಹೋದರೂ ಕೈ ಬಿಡಲಿಲ್ಲ. ಹತ್ತು ಎಣಿಸಿ ಒಂದು ಬೆರಳು, ಹತ್ತು ಎಣಿಸಿ ಒಂದು ಬೆರಳು, ಹಾಗೆ ಎಳೆದದ್ದು."

"ಹಾಗಾದರೆ ಒಂದು ಪ್ಯಾರಾ ಹೆಚ್ಚು ಬರೆಯಿರಿ ಮಾರಾಯ್ರೆ," ಎಂದರು ಹರಿಪ್ರಸಾದ್. "ಜಾಗ ಉಂಟು."